ಅರವತ್ತಮೂರು ಸಹಿ

ಯು ಕಸ್ಮಿ ಚಪ್ಪಲಿ ಬಿಡದೆ ನಮ್ಮ ಮನೆಯೊಳಗೆ ನುಗ್ಗಿದ್ದು ಮೂವತ್ತು ವರ್ಷಗಳಲ್ಲಿ ಅದೇ ಮೊದಲು. ಅವಳು ಪಕ್ಕದ ಮನೆಯವಳು, ನನಗಿಂತ ಹತ್ತು ವರ್ಷಕ್ಕೆ ದೊಡ್ಡ ಅಕ್ಕ, ಅದಕ್ಕೇ ಯು ಎನ್ನುವುದು. ಮೊಣಕೈವರೆಗೆ ಹಿಟ್ಟು ಮೆತ್ತಿತ್ತು. ಮೀನಿನ ಹಪ್ಪಳದ ಹಿಟ್ಟು ನಾದುತ್ತಿದ್ದವಳು ಹಾಗೇ ಎದ್ದು ಬಂದಿದ್ದಳು.

"ರುಮಿ, ನಮ್ಮ ಬಯಲಲ್ಲಿ ಗೂಟ ಹೊಡೀತಿದಾರೆ ಕಣೇ!"

"ಯಾರು?"

"ಯಾರಿಗ್ಗೊತ್ತು. ತಲೆಗೆ ಹೆಲ್ಮೆಟ್ ಹಾಕ್ಕೊಂಡಿದಾರೆ. ಕೆಂಪು ದಾರ ಕಟ್ಟಿದಾರೆ. ತಟ್ಟೆ ಎಲ್ಲಾ ತೆಗೀರಿ ಅಂತಾರೆ. ಯಾಕಪ್ಪಾ ಅಂದ್ರೆ, ನೀವೇ ಒಪ್ಕೊಂಡಿದೀರಲ್ಲ ಅಂತಾರೆ. ನಾನ್ ಯಾವಾಗ ಒಪ್ಕೊಂಡೆ? ನನ್ನ ಗಂಡ ಮದುವೆಗೆ ಕೇಳ್ದಾಗ್ಲೇ ನಾನು ಅಷ್ಟು ಸುಲಭಕ್ಕೆ ಒಪ್ಕೊಂಡೋಳಲ್ಲ!"

ನಾನು ಒಲೆ ಆರಿಸಿ ಅವಳ ಹಿಂದೆ ಓಡಿದೆ.

ನದಿ ಕಡಲು ಸೇರುವ ಕಡೆ ನಮ್ಮ ಕಾಲಿಸೊಗ. ದೊಡ್ಡ ಉಬ್ಬರ ಬಂದರೆ ನೀರು ಅಂಗಳ ದಾಟಿ ಕೆಲವರ ಒಲೆಯವರೆಗೂ ಬರುತ್ತದೆ. ಊರಿಗೆಲ್ಲ ಒಣಗಿದ ನೆಲವೆಂದರೆ ನದಿಬಾಯಿಯ ಪಕ್ಕದ ಆ ಎತ್ತರದ ಬಯಲೊಂದೇ. ಬೆಳಿಗ್ಗೆ ಆರಕ್ಕೆ ತೆಳ್ಳಗೆ ಕೊಯ್ದ ಹಪ್ಪಳವನ್ನು ಬಿದಿರ ತಟ್ಟೆಗಳಲ್ಲಿ ಹರಡಿಟ್ಟರೆ ಮಧ್ಯಾಹ್ನ ಮೂರಕ್ಕೆ ಗಲಗಲ ಎನ್ನುತ್ತವೆ. ನಲವತ್ತು ಮನೆಗಳ ಅನ್ನ ಆ ಬಯಲಿನದು. ಬಯಲು ಹೋದರೆ ಹಪ್ಪಳ ಹೋಯಿತು. ಹಪ್ಪಳ ಹೋದರೆ ನಗರದ ಬೂಟಿನ ಕಾರ್ಖಾನೆಗೆ ಹೋಗಬೇಕು, ಅಲ್ಲಿ ಮೂವತ್ತೈದು ದಾಟಿದವರನ್ನು ಗೇಟಿನೊಳಗೂ ಬಿಡುವುದಿಲ್ಲ. ನನಗೆ ಐವತ್ತೆರಡು.

ಬಯಲಿನ ನಡುವೆ ಹೊಸ ಫಲಕ ನಿಂತಿತ್ತು: 'ಕಾಲಿಸೊಗ ಸೂರ್ಯಾಸ್ತ ವಿಹಾರ ತಾಣ. ಗ್ರಾಮ ಆರ್ಥಿಕ ಅಭಿವೃದ್ಧಿ ಸಂಸ್ಥೆಯ ಕೊಡುಗೆ.' ನಮ್ಮ ಕಡಲು ಉತ್ತರಕ್ಕೆ ಮುಖ ಮಾಡಿದೆ. ಇಲ್ಲಿ ಸೂರ್ಯ ಮುಳುಗುವುದು ಕಡಲಿನಲ್ಲಲ್ಲ, ದೋಣಿ ರಿಪೇರಿಯವನ ಮನೆಯ ಹಿತ್ತಲಲ್ಲಿ. ಅದನ್ನು ನೋಡಲು ನಗರದಿಂದ ಜನ ಬರುತ್ತಾರಂತೆ.

ಸಂಸ್ಥೆಯ ವಿಚಾರ ಹೇಳಿಬಿಡುತ್ತೇನೆ. ಊರಿನವರ ಏಳಿಗೆಗೆಂದು ಐದು ವರ್ಷದ ಹಿಂದೆ ಹುಟ್ಟಿದ್ದು ಅದು. ಮೊದಲು ಕೋಳಿ ಫಾರಂ ಮಾಡಿತು, ಎರಡೇ ತಿಂಗಳಲ್ಲಿ ಕೋಳಿಗಳಿಗೆ ರೋಗ ಬಡಿಯಿತು. ಆಮೇಲೆ ಹಂಸದ ಆಕಾರದ ಆರು ತುಳಿಯುವ ದೋಣಿ ತರಿಸಿ ಹೊಳೆಗೆ ಇಳಿಸಿತು. ಈಗ ಅವುಗಳಲ್ಲಿ ಬಾತುಕೋಳಿಗಳು ಮೊಟ್ಟೆ ಇಡುತ್ತವೆ. ಬಾತುಕೋಳಿಗಳ ಏಳಿಗೆಯಂತೂ ಆಗಿದೆ. ಸಂಸ್ಥೆ ಊರಿನದು, ಊರಿನವರಿಗೆ ಉತ್ತರ ಕೊಡಬೇಕು ಎಂದು ಅದರ ಗೋಡೆಯ ಮೇಲೇ ಬರೆದಿದೆ. ಆದರೆ ಐದು ವರ್ಷದಲ್ಲಿ ಯಾರೂ ಪ್ರಶ್ನೆ ಕೇಳಿರಲಿಲ್ಲ, ಹಾಗಾಗಿ ಅವರಿಗೂ ಉತ್ತರ ಕೊಟ್ಟು ಅಭ್ಯಾಸವಿರಲಿಲ್ಲ. ಅದರಲ್ಲಿ ನಮ್ಮ ತಪ್ಪೂ ಇದೆ ಎಂದು ಈಗ ನನಗನ್ನಿಸುತ್ತದೆ.

ನಾವಿಬ್ಬರೂ ನೇರ ಸಂಸ್ಥೆಯ ಕಚೇರಿಗೆ ಹೋದೆವು. ನಿರ್ದೇಶಕ ಪಾಕ್ ಗುನಾದಿ ಎದ್ದು ನಿಂತು ಬರಮಾಡಿಕೊಂಡ. ಗಂಡಸರನ್ನು ಪಾಕ್, ಹೆಂಗಸರನ್ನು ಬು ಎಂದು ಕರೆಯುವುದು ನಮ್ಮಲ್ಲಿ ಮರ್ಯಾದೆ. ನಲವತ್ತರ ಆಸುಪಾಸು, ಇಸ್ತ್ರಿ ಮುರಿಯದ ಬಾತಿಕ್ ಅಂಗಿ, ದನಿ ಎಂದೂ ಏರುವುದಿಲ್ಲ. ಅಂಥವರ ಮೇಲೆ ಸಿಟ್ಟು ಮಾಡಿಕೊಳ್ಳುವುದೇ ಒಂದು ಕಷ್ಟ.

"ಬನ್ನಿ ಬು ಕಸ್ಮಿ, ಬನ್ನಿ ಬು ರುಮಿಯಾತಿ. ಮೊದ್ಲು ಟೀ ಕುಡೀರಿ."

"ಟೀ ಆಮೇಲೆ," ಎಂದಳು ಕಸ್ಮಿ. "ಗೂಟ ಯಾಕೆ, ಅದನ್ನ ಹೇಳಿ."

"ಊರಿನ ನಿರ್ಣಯ ಅಲ್ವಾ ಬು? ನಾವು ಜಾರಿ ಮಾಡೋರು ಅಷ್ಟೇ." ಫೈಲು ತೆಗೆದು ಮೇಜಿನ ಮೇಲಿಟ್ಟ. ಮೊದಲ ಮೂರು ಪುಟ ಟೈಪು ಮಾಡಿದ್ದು. ಬಯಲನ್ನು ವಿಹಾರ ತಾಣಕ್ಕೆ ಬಿಟ್ಟುಕೊಡಲು ಕೆಳಗೆ ಸಹಿ ಮಾಡಿದ ಮನೆಗಳವರು ಒಪ್ಪಿದ್ದೇವೆ ಎಂದಿತ್ತು. ನೂರಾ ಹತ್ತು ಮನೆಗಳ ಊರಿನಲ್ಲಿ ಅರ್ಧಕ್ಕಿಂತ ಹೆಚ್ಚು ಮನೆಗಳು ಒಪ್ಪಿದರೆ ಸಾಕು. ಆ ಪುಟಗಳ ಹಿಂದಿನ ಹಾಳೆಯಲ್ಲಿ ಅರವತ್ತಮೂರು ಸಹಿಗಳಿದ್ದವು.

ಸಹಿಗಳ ಹಾಳೆಯನ್ನು ನನ್ನ ಕಡೆ ತಿರುಗಿಸಿಕೊಂಡೆ. ಆ ಗೆರೆಗಳನ್ನು ಎಳೆದವಳು ನಾನು. ಕ್ರಮಸಂಖ್ಯೆ ನನ್ನ ಕೈಬರಹ. ಜೆರಾಕ್ಸ್ ಪ್ರತಿ ಅದು. ಎಲ್ಲವೂ ಇತ್ತು, ನೆತ್ತಿಯಲ್ಲಿ ನಾನು ದೊಡ್ಡದಾಗಿ ಬರೆದಿದ್ದ 'ಹಾಜರಿ' ಎಂಬ ಸಾಲೊಂದು ಮಾತ್ರ ಇರಲಿಲ್ಲ.

ಎರಡು ತಿಂಗಳ ಹಿಂದೆ ನಡೆದದ್ದು ಇಷ್ಟು. 'ಊರಿನ ಅಭಿವೃದ್ಧಿ ಕುರಿತು' ಎಂದು ಸಂಸ್ಥೆ ಸಭೆ ಕರೆಯಿತು. ಹೆಂಗಸರ ಗುಂಪಿನ ಕಾರ್ಯದರ್ಶಿ ಎಂದು ಹಾಜರಿ ಹಾಳೆ ನನ್ನ ಕೈಗೆ ಬಂತು. ನಮ್ಮಲ್ಲಿ ಸಭೆ ಎಂದರೆ ತಿಂಡಿಯ ಡಬ್ಬಿ. ಸಹಿ ಹಾಕಿದವರಿಗೆ ಒಂದೊಂದು ರಟ್ಟಿನ ಡಬ್ಬಿ. ಒಳಗೆ ಬಾಳೆಲೆಯಲ್ಲಿ ಸುತ್ತಿದ ಅಂಟಕ್ಕಿಯ ಲೆಂಪೆರ್, ಕರಿದ ಸುರುಳಿ, ಕಡಲೆಬೀಜ, ಮುಚ್ಚಳ ಅಂಟಿಸಿದ ಪ್ಲಾಸ್ಟಿಕ್ ಲೋಟದಲ್ಲಿ ನೀರು. ಗುನಾದಿ ಪರದೆಯ ಮೇಲೆ ಬಣ್ಣಬಣ್ಣದ ಚಿತ್ರ ತೋರಿಸಿದ, ನಾವು ಲೆಂಪೆರ್ ಬಿಚ್ಚಿದೆವು. ಒಪ್ಪಿಗೆ ಯಾರೂ ಕೇಳಲಿಲ್ಲ, ಯಾರೂ ಕೊಡಲೂ ಇಲ್ಲ. ಬಂದವರು ಇಪ್ಪತ್ತೊಂಬತ್ತು ಮನೆಯವರು. ಡಬ್ಬಿಗಳ ರಾಶಿ ಹಾಗೇ ಉಳಿದಿತ್ತು.

ಆಗ ಗುನಾದಿ ಹೇಳಿದ, "ಬು ರುಮಿಯಾತಿ, ತಿಂಡಿ ಹಳಸೋದು ಬೇಡ. ಬರದೇ ಇರೋರ ಮನೆಗೂ ತಲುಪಿಸ್ಬಿಡಿ. ಡಬ್ಬಿ ಮುಟ್ಟಿದ್ದಕ್ಕೆ ಒಂದ್ ಸೈನ್ ಹಾಕಿಸ್ಕೊಳ್ಳಿ, ಅಷ್ಟೇ."

ನಾನು ಬುಟ್ಟಿ ಹೊತ್ತುಕೊಂಡು ಮನೆಮನೆ ಅಲೆದೆ. ಎಂಥ ಉತ್ಸಾಹ! ಊರಿಗೆಲ್ಲ ತಿಂಡಿ ಹಂಚುವ ಪುಣ್ಯಾತ್ಗಿತ್ತಿ ನಾನು. ಗಂಡ ಕಡಲಿಗೆ ಹೋಗಿದ್ದರೆ ಹೆಂಡತಿಯ ಕೈಲಿ ಅವನ ಹೆಸರು ಬರೆಸಿದೆ. ಹಿತ್ತಲ ಮನೆಯಲ್ಲಿರುವ ನನ್ನ ಅತ್ತೆ ಮಲಗಿದ್ದರು, ಅವರ ಸಹಿ ನಾನೇ ಹಾಕಿದೆ. ಅವರಿಗೆ ಹಲ್ಲಿಲ್ಲ. ಅವರ ಡಬ್ಬಿಯನ್ನು ತಿಂದವಳೂ ನಾನೇ.

ಕಸ್ಮಿಗೆ ಓದಲು ಬರುವುದಿಲ್ಲ, ಆದರೆ ತನ್ನ ಹೆಸರಿನ ಆಕಾರ ಗೊತ್ತು. ಹಾಳೆಯ ಮೇಲೆ ಬೆರಳಿಟ್ಟಳು. "ಇದು ನಂದು. ಇದು ಇಲ್ಲಿಗೆ ಹೆಂಗ್ ಬಂತು?"

"ನೀವೇ ಹಾಕಿದ್ದಲ್ವಾ ಬು?" ಎಂದ ಗುನಾದಿ.

ಕಸ್ಮಿ ಅವನನ್ನು ನೋಡಲಿಲ್ಲ. ನನ್ನನ್ನು ನೋಡಿದಳು. "ಡಬ್ಬಿಗೆ ಅಂದ್ಯಲ್ಲೇ," ಎಂದಳು. ಎದ್ದು ಹೋದಳು. ಟೀ ಹಾಗೇ ಉಳಿಯಿತು.

ಮರುದಿನದಿಂದ ಊರು ನನ್ನೊಡನೆ ಮಾತು ಬಿಟ್ಟಿತು. ಜಗಳವಿಲ್ಲ, ಬೈಗುಳವಿಲ್ಲ, ನಮ್ಮವರು ಹಾಗೆ ಮಾಡುವುದಿಲ್ಲ. ನಾನು ಅಂಗಡಿಗೆ ಹೋದರೆ ಅಲ್ಲಿದ್ದವರಿಗೆಲ್ಲ ಒಮ್ಮೆಗೇ ಮನೆಯ ಕೆಲಸ ನೆನಪಾಗುತ್ತಿತ್ತು. ವಿಹಾರ ತಾಣದಲ್ಲಿ ನನಗೊಂದು ಕಾಫಿ ಅಂಗಡಿ ಕೊಡುತ್ತಾರಂತೆ ಎಂಬ ಸುದ್ದಿ ನನ್ನ ಗಂಡ ಸುತರನ ಕಿವಿಗೂ ಬಿತ್ತು. ಅವನು ಬಲೆ ಹೊಲಿಯುತ್ತಾ, "ಕಾಫಿಗೆ ಸಕ್ಕರೆ ಕಮ್ಮಿ ಹಾಕು, ಜನಕ್ಕೆ ಈಗ್ಲೇ ನಿನ್ನ ಕಂಡ್ರೆ ಬಾಯೆಲ್ಲಾ ಸಿಹಿ ಆಗಿದೆ," ಎಂದ. ನಗಿಸಲು ಹೇಳಿದ್ದು. ನನಗೆ ಅಳು ಬಂತು.

ಸೋಮವಾರ ಕಾಂಕ್ರೀಟಿನ ಲಾರಿ ಬರುವುದಿತ್ತು. ಅದಕ್ಕೆ ಮೊದಲು ಗುರುವಾರ ಊರ ಚಾವಡಿಯಲ್ಲಿ ಕೊನೆಯ ಸಭೆ. ತಾಲ್ಲೂಕಿನಿಂದ ಪಾಕ್ ವಿದಗ್ದೊ ಎಂಬ ಅಧಿಕಾರಿ ಬಂದು ನಿರ್ಣಯಕ್ಕೆ ಮೊಹರು ಒತ್ತುತ್ತಾರೆ, ಅಲ್ಲಿಗೆ ಮುಗಿಯಿತು. ನಾನು ಮತ್ತೆ ಗುನಾದಿಯ ಹತ್ತಿರ ಹೋದೆ, ಈ ಸಲ ಒಬ್ಬಳೇ.

"ಅದು ಹಾಜರಿ ಹಾಳೆ ಪಾಕ್. ಒಪ್ಪಿಗೆ ಅಲ್ಲ. ನೀವೇ ಅವರಿಗೆ ಹೇಳ್ಬಿಡಿ."

ಅವನು ಮೆತ್ತಗೆ ನಕ್ಕ. "ಹೇಳಬಹುದು. ಆದ್ರೆ ಆಗ ಅವರು ಕೇಳ್ತಾರೆ, ಬರದೇ ಇರೋರ ಸಹಿ ಹಾಜರಿಯಲ್ಲಿ ಹೇಗೆ ಬಂತು ಅಂತ. ಮಲಗಿದೋರ ಸಹಿ ಯಾರು ಹಾಕಿದ್ರು ಅಂತ. ಸುಳ್ಳು ಸಹಿ ಅಂದ್ರೆ ಪೊಲೀಸು ಗಿಲೀಸು ಅಂತ ಅಲೆದಾಟ. ನಿಮ್ಮ ಒಳ್ಳೇದಕ್ಕೇ ಹೇಳ್ತಿದೀನಿ ಬು."

ಮನೆಯ ದಾರಿ ಹಿಡಿದೆ. ಕಸ್ಮಿ ಬೇಲಿಯಾಚೆ ಮೀನು ಕೊಚ್ಚುತ್ತಿದ್ದಳು. ನಾನು ನಿಂತೆ.

"ಯು, ಡಬ್ಬಿಗೇ ಅಂತ ನಾನೂ ಅಂದ್ಕೊಂಡಿದ್ದೆ. ದೇವರಾಣೆ."

ಅವಳು ಕತ್ತಿ ನಿಲ್ಲಿಸಲಿಲ್ಲ. "ಗೊತ್ತು."

"ಗೊತ್ತಿದ್ರೆ ಯಾಕೆ ಮಾತಾಡಲ್ಲ?"

"ನನ್ನ ಹತ್ರ ಹೇಳಿ ಏನಾಗ್ಬೇಕು? ನಾನೇನು ತಾಲ್ಲೂಕಾಫೀಸಾ? ಬೇಲಿ ಹತ್ರ ಅಳೋದು ಬಿಟ್ಟು ಹೇಳ್ಬೇಕಾದ ಜಾಗದಲ್ಲಿ ಹೇಳು."

"ಅತ್ತೆ ಸಹಿ ನಾನೇ ಹಾಕಿದೀನಿ, ಯು. ನಾಚಿಕೆ ಆಗುತ್ತೆ."

"ಆಗ್ಲಿ," ಎಂದಳು. "ನಾಚಿಕೆ ಆದ್ರೆ ಯಾರೂ ಸಾಯಲ್ಲ. ಬಯಲು ಹೋದ್ರೆ ನಾನಂತೂ ಸತ್ತಂಗೆ."

ಗುರುವಾರ ಹತ್ತಕ್ಕೆ ಚಾವಡಿ ತುಂಬಿತ್ತು. ಅಷ್ಟು ಜನ ಸೇರಿದ್ದನ್ನು ನಾನು ಚುನಾವಣೆಯಲ್ಲೂ ನೋಡಿಲ್ಲ. ಬಾಗಿಲಲ್ಲಿ ಮೇಜು, ಮೇಜಿನ ಮೇಲೆ ಹೊಸ ಹಾಜರಿ ಹಾಳೆ, ಪಕ್ಕದಲ್ಲಿ ಡಬ್ಬಿಗಳ ಗೋಪುರ. ಈ ಸಲ ಪಟ್ಟಿ ನನ್ನ ಕೈಲಿರಲಿಲ್ಲ, ಕಚೇರಿಯ ಗುಮಾಸ್ತೆ ಕೂತಿದ್ದಳು. ಜನ ಅಭ್ಯಾಸಬಲದಿಂದ ಸಾಲು ನಿಂತರು. ಸಾಲಿನ ತಲೆಯಲ್ಲಿ ಕಸ್ಮಿ.

ಗುಮಾಸ್ತೆ ಪೆನ್ನು ಚಾಚಿದಳು. ಕಸ್ಮಿ ಎರಡೂ ಕೈಗಳನ್ನು ಹಿಂದೆ ಕಟ್ಟಿಕೊಂಡಳು. "ಬೇಡಮ್ಮ, ನಾನು ಮನೇಲೇ ತಿಂದ್ಕೊಂಡ್ ಬಂದಿದೀನಿ," ಎಂದು ಒಳಗೆ ನಡೆದಳು. ಅವಳ ಹಿಂದಿನವನು ಪೆನ್ನು ನೋಡಿದ, ಡಬ್ಬಿ ನೋಡಿದ, ನಿಟ್ಟುಸಿರು ಬಿಟ್ಟು ಅವನೂ ಒಳಗೆ ಹೋದ. ಆಮೇಲೆ ಇಡೀ ಸಾಲು ಹಾಗೇ ಸರಿಯಿತು. ಯಾರೂ ಮೊದಲೇ ಮಾತಾಡಿಕೊಂಡಿರಲಿಲ್ಲ. ಡಬ್ಬಿಗಳ ಗೋಪುರ ಒಂದು ಬೆರಳಿನಷ್ಟೂ ಇಳಿಯಲಿಲ್ಲ. ನಮ್ಮ ಊರಿನಲ್ಲಿ ಇದಕ್ಕಿಂತ ದೊಡ್ಡ ಪ್ರತಿಭಟನೆ ಇಲ್ಲ.

ಪಾಕ್ ವಿದಗ್ದೊ ದಪ್ಪ ಕನ್ನಡಕದ, ನಿವೃತ್ತಿಗೆ ಹತ್ತಿರವಾದ ಮನುಷ್ಯ. ಖಾಲಿ ಹಾಳೆಯನ್ನು ತಿರುಗಿಸಿ ನೋಡಿದರು. "ಹಾಜರಿ ಇಲ್ಲದೆ ಸಭೆ ಶುರು ಮಾಡೋ ಹಾಗಿಲ್ಲವಲ್ಲ?"

"ನಾವು ಹಾಜರಿದೀವಿ ಪಾಕ್," ಎಂದಳು ಕಸ್ಮಿ. "ಕನ್ನಡಕ ಒರೆಸ್ಕೊಂಡು ನೋಡಿ."

ಚಾವಡಿ ನಕ್ಕಿತು. ವಿದಗ್ದೊ ಅವರೂ ಸ್ವಲ್ಪ ನಕ್ಕರು. "ಸರಿ, ಕಾಣ್ತಿದೀರಿ. ಸಹಿ ಯಾಕೆ ಹಾಕ್ತಿಲ್ಲ?"

ಆ ಪ್ರಶ್ನೆಗೆ ಉತ್ತರ ನನ್ನ ಹತ್ತಿರವಿದೆ ಎಂದು ಎಲ್ಲರಿಗೂ ಗೊತ್ತು. ಯಾರೂ ನನ್ನ ಕಡೆ ತಿರುಗಲಿಲ್ಲ. ತಿರುಗಿದ್ದರೆ ಬಹುಶಃ ನಾನು ಏಳುತ್ತಿರಲಿಲ್ಲ.

ಎದ್ದೆ. ವಿದಗ್ದೊ ಅವರ ಮುಂದಿದ್ದ ಫೈಲಿಗೆ ಬೆರಳು ತೋರಿಸಿದೆ.

"ಆ ಫೈಲಲ್ಲಿರೋ ಅರವತ್ತಮೂರು ಸಹಿ ಒಪ್ಪಿಗೆಯದಲ್ಲ. ಅದು ಹಾಜರಿ ಹಾಳೆ, ಗೆರೆ ಎಳೆದೋಳು ನಾನು. ಹಾಜರಿ ಅಂದ್ರೂ ಸುಳ್ಳೇ. ಆವತ್ತು ಬಂದಿದ್ದು ಇಪ್ಪತ್ತೊಂಬತ್ತು ಮನೆ. ಉಳಿದ ಮೂವತ್ತನಾಲ್ಕು ಮನೆಗೆ ನಾನು ತಿಂಡಿ ಡಬ್ಬಿ ಹೊತ್ಕೊಂಡು ಹೋಗಿ ಸಹಿ ತಂದೆ. ಬಯಲಿನ ಮಾತು ಒಬ್ಬರಿಗೂ ಹೇಳ್ಲಿಲ್ಲ, ನಂಗೇ ಗೊತ್ತಿರ್ಲಿಲ್ಲ." ಇಲ್ಲಿ ನಿಲ್ಲಿಸಬಹುದಿತ್ತು. "ನಮ್ಮತ್ತೆ ಎರಡು ವರ್ಷದಿಂದ ಹಾಸಿಗೆ ಬಿಟ್ಟು ಎದ್ದಿಲ್ಲ. ನಲವತ್ತೇಳನೇ ಸಹಿ ಅವರದು. ಅದನ್ನ ಹಾಕಿದ್ದು ನಾನು. ಡಬ್ಬಿನೂ ನಾನೇ ತಿಂದೆ."

ನಾಚಿಕೆಗೆ ನನ್ನ ಮುಖ ಉರಿಯುತ್ತಿತ್ತು. ಗುನಾದಿ ನೆಲ ನೋಡುತ್ತಿದ್ದ. ಆಗ ಹಿಂದಿನಿಂದ ಒಂದು ಗಂಡಸಿನ ದನಿ ಬಂತು.

"ನಾನು ಆವತ್ತು ಕಡಲಲ್ಲಿದ್ದೆ. ನನ್ ಸಹಿ ನನ್ ಹೆಂಡ್ತಿ ಹಾಕಿದಾಳೆ. ನಂಗಿಂತ ಚೆನ್ನಾಗಿ ಹಾಕಿದಾಳೆ!"

"ನಮ್ಮಣ್ಣಂದು ನಾನ್ ಹಾಕ್ದೆ," ಎಂದಳು ಇನ್ನೊಬ್ಬಳು.

"ಎರಡು ಡಬ್ಬಿ ಸಿಗುತ್ತೇನೋ ಅಂತ ನಾನು ಎರಡು ಕಡೆ ಹಾಕಿದೀನಿ, ಒಂದೇ ಸಿಕ್ತು," ಎಂದ ಮತ್ತೊಬ್ಬ. ಅವನ ಬೇಸರ ನಿಜವಾದದ್ದಾಗಿತ್ತು.

ನಗು ಎಲ್ಲಿಂದ ಎದ್ದಿತೋ, ಇಡೀ ಚಾವಡಿ ಬಿದ್ದುಬಿದ್ದು ನಕ್ಕಿತು. ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಕಸ್ಮಿ ಚಾಪೆಯ ಮೇಲೆ ಸ್ವಲ್ಪ ಸರಿದು ನೆಲ ತಟ್ಟಿದಳು. "ಬಾ, ಕೂತ್ಕೋ. ಎಷ್ಟೊತ್ತು ನಿಂತಿರ್ತೀಯಾ." ನಾನು ಅವಳ ಭುಜಕ್ಕೆ ಭುಜ ತಾಗಿಸಿ ಕೂತೆ. ಎಷ್ಟೋ ದಿನದ ಮೇಲೆ ಸರಿಯಾಗಿ ಉಸಿರಾಡಿದೆ.

ವಿದಗ್ದೊ ನಗಲಿಲ್ಲ. "ಮೂಲ ಹಾಳೆ ತನ್ನಿ," ಎಂದರು ಗುನಾದಿಗೆ. ಗುಮಾಸ್ತೆ ಹೋಗಿ ತಂದಳು. ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡು ಬಹಳ ಹೊತ್ತು ನೋಡಿದರು. ನನ್ನ 'ಹಾಜರಿ' ಮೂಲದಲ್ಲಿ ನೀಲಿಯಾಗಿ ನಿಂತಿತ್ತು. "ಇದು ಪ್ರತಿಯಲ್ಲಿ ಯಾಕಿಲ್ಲ ಪಾಕ್ ಗುನಾದಿ?"

ಅವನು ನಮ್ಮ ಕಡೆ ತಿರುಗಿದ. ಇಸ್ತ್ರಿಯ ಅಂಗಿಯ ಕಂಕುಳು ಒದ್ದೆಯಾಗಿತ್ತು.

"ಆ ಸಾಲಿನ ಮೇಲೆ ಒಂದು ಬಿಳಿ ಕಾಗದ ಇಟ್ಟು ಪ್ರತಿ ತೆಗೆದೆ. ನಾನೇ," ಎಂದ. "ಕೋಳಿ ಸತ್ತವು, ದೋಣಿ ಓಡ್ಲಿಲ್ಲ. ಈ ವರ್ಷನೂ ಏನೂ ಮಾಡದಿದ್ರೆ ಸಂಸ್ಥೆ ಮುಚ್ತೀವಿ ಅಂತ ಪತ್ರ ಬಂದಿತ್ತು. ಏನಾದ್ರೂ ಒಂದು ಗೆಲ್ಲಬೇಕಿತ್ತು ನಂಗೆ. ನಿಮ್ಮನ್ನ ಕೇಳಿದ್ರೆ ಒಪ್ತಿರ್ಲಿಲ್ಲ."

"ಕೇಳಿ ನೋಡಿದ್ರಾ?" ಎಂದಳು ಕಸ್ಮಿ.

"ಇಲ್ಲ."

"ಮತ್ತೆ? ಕೇಳಿದ್ದಿದ್ರೆ, ಬಯಲಲ್ಲಿ ನೆರಳಿಗೊಂದು ಸೂರು ಬೇಕು ಅಂತಿದ್ವಿ. ಮಳೆ ಬಂದ್ರೆ ತಟ್ಟೆ ಇಡೋಕೆ ಜಾಗ ಬೇಕು ಅಂತಿದ್ವಿ. ಹಪ್ಪಳನ ನಗರದ ಅಂಗಡಿಗೆ ತಲುಪಿಸೋಕೆ ಗಾಡಿ ಬೇಕು ಅಂತಿದ್ವಿ. ಐದು ವರ್ಷದಿಂದ ನಲವತ್ತು ಹೆಂಗಸರು ನಿಮ್ಮ ಕಿಟಕಿ ಎದುರಿಗೇ ಹಪ್ಪಳ ಹೊತ್ಕೊಂಡು ಓಡಾಡ್ತಿದೀವಿ. ನಿಮಗೆ ಕಂಡಿದ್ದು ಹಂಸ!"

ಈ ಸಲ ಯಾರೂ ನಗಲಿಲ್ಲ. ಗುನಾದಿ ಹೌದೆಂದು ತಲೆಯಾಡಿಸಿದ. ಅವನ ಮೇಲೆ ನನಗಿದ್ದ ಸಿಟ್ಟು ಪೂರ್ತಿ ಇಳಿಯಲಿಲ್ಲ, ಇಳಿಯಬೇಕಾಗಿಯೂ ಇರಲಿಲ್ಲ. ಆದರೆ ಆ ಮನುಷ್ಯ ಮೊದಲ ಸಲ ನಮ್ಮ ಎದುರು ನಿಜ ಮಾತಾಡಿದ್ದ ಎಂಬುದನ್ನು ಒಪ್ಪಲೇಬೇಕು.

ವಿದಗ್ದೊ ಹಳೆಯ ನಿರ್ಣಯದ ಮೂರೂ ಪುಟಗಳಿಗೆ ಅಡ್ಡಗೆರೆ ಎಳೆದರು. ಲಾರಿ ಬರುವುದಿಲ್ಲ ಎಂದರು. ಪ್ರತಿಯ ವಿಚಾರಕ್ಕೆ ಗುನಾದಿ ತಾಲ್ಲೂಕಿನಲ್ಲಿ ಬೇರೆಯಾಗಿ ಉತ್ತರ ಕೊಡಬೇಕು ಎಂದರು. ನನ್ನ ಕಡೆ ತಿರುಗಿ, "ಬು, ಇನ್ನು ಮುಂದೆ ಅವರವರ ಸಹಿ ಅವರವರೇ ಹಾಕ್ಲಿ," ಎಂದರು. ಅಷ್ಟೇ ನನಗೆ ಸಿಕ್ಕ ಶಿಕ್ಷೆ. ಆಮೇಲೆ ಹೊಸ ಹಾಳೆಯನ್ನು ಗುನಾದಿಯ ಮುಂದೆ ತಳ್ಳಿದರು. "ಊರು ಏನು ಹೇಳುತ್ತೋ ಈಗ ಇಲ್ಲೇ ಬರೀರಿ. ಬರೆದು ಓದಿ."

ಅವನು ಬರೆದ. ನಾವು ಹೇಳುತ್ತಾ ಹೋದೆವು, ಒಬ್ಬರ ಮೇಲೊಬ್ಬರು, ಸಂತೆಯಂತೆ. ಗಂಟೆ ಹನ್ನೆರಡಾಯಿತು. ಕೊನೆಗೆ ಅವನು ಎದ್ದು ನಿಂತು ಓದಿದ. ಗೂಟಗಳನ್ನು ಸಂಸ್ಥೆಯೇ ನಾಳೆಯೊಳಗೆ ಕೀಳುತ್ತದೆ. ಬಯಲು ಸದ್ಯಕ್ಕೆ ಹಪ್ಪಳ ಒಣಗಿಸುವವರಿಗೇ ಉಳಿಯುತ್ತದೆ. ಮೂರು ತಿಂಗಳಿಗೊಮ್ಮೆ ನಿರ್ದೇಶಕರು ಬಯಲಿಗೇ ಬಂದು, ತಟ್ಟೆಗಳನ್ನು ತೆಗೆದ ಮೇಲೆ, ಮಾಡಿದ್ದೇನು ಮಾಡದೆ ಬಿಟ್ಟದ್ದೇನು ಎಂದು ಎಲ್ಲರೆದುರು ಹೇಳುತ್ತಾರೆ, ಕೇಳಿದ್ದಕ್ಕೆ ಉತ್ತರ ಕೊಡುತ್ತಾರೆ.

"ಒಪ್ಪಿಗೆಯೇ?" ಎಂದ.

ಈ ಮಾತು ಬಂದಾಗ ಎಲ್ಲರೂ ಒಟ್ಟಿಗೆ 'ಒಪ್ಪಿಗೆ' ಎಂದು ಚಪ್ಪಾಳೆ ತಟ್ಟಿ ಚಪ್ಪಲಿ ಹುಡುಕುವುದು ನಮ್ಮ ವಾಡಿಕೆ. ಮುಂದಿನ ಸಾಲಿನಲ್ಲಿ ಒಬ್ಬಿಬ್ಬರು ಆಗಲೇ ಅರ್ಧ ಎದ್ದಿದ್ದರು.

"ಇನ್ನೊಂದ್ಸಲ ಓದಿ," ಎಂದಳು ಕಸ್ಮಿ.

ಎದ್ದವರು ಕೂತರು. ಗುನಾದಿ ಇನ್ನೊಮ್ಮೆ ಓದಿದ. ಕಸ್ಮಿ ಕಣ್ಣು ಮುಚ್ಚಿಕೊಂಡು, ಅಕ್ಕಿಯಲ್ಲಿ ಕಲ್ಲು ಹುಡುಕುವವಳ ಹಾಗೆ ಕೇಳುತ್ತಿದ್ದಳು. ನಡುವೆ ಕೈಯೆತ್ತಿದಳು.

"ಬಯಲು ಸದ್ಯಕ್ಕೆ ಅಂದ್ರಲ್ಲ. ನಮ್ಮಲ್ಲಿ ಯಾರಾದ್ರೂ ಸದ್ಯಕ್ಕೆ ಅಂದ್ರಾ? ರುಮಿ, ನೀನಂದ್ಯಾ?"

"ನಾನಿಲ್ಲ, ಯು."

"ನಾನೂ ಅನ್ಲಿಲ್ಲ," ಎಂದ ಕಡಲಿಗೆ ಹೋಗಿದ್ದವನು. ನಾನೂ ಇಲ್ಲ, ನಾನೂ ಇಲ್ಲ ಎಂಬ ಮಾತು ಚಾವಡಿಯ ಮೂಲೆಮೂಲೆಯಿಂದ ಬಂತು. ನಾನು ಎರಡು ಸಲ ಕೇಳಿಯೂ ಆ ಮಾತನ್ನು ಹಿಡಿದಿರಲಿಲ್ಲ. ಅಕ್ಷರ ಬಲ್ಲ ನಾವು ಯಾರೂ ಹಿಡಿದಿರಲಿಲ್ಲ.

ಗುನಾದಿ ವಿದಗ್ದೊ ಅವರ ಮುಖ ನೋಡಿದ. ಅವರು ಕಿಟಕಿಯ ಕಡೆ ನೋಡುತ್ತಾ ಕೂತಿದ್ದರು. ಅವನು ಬಾಗಿ ಆ ಪದವನ್ನು ಹೊಡೆದುಹಾಕಿದ, ಪಕ್ಕದಲ್ಲಿ ತನ್ನ ಸಹಿ ಹಾಕಿದ.

"ಆಯ್ತಲ್ಲ ಬು ಕಸ್ಮಿ? ಈಗ ಒಪ್ಪಿಗೆಯೇ?"

"ಆತುರ ಏನಿದೆ ಪಾಕ್?" ಎಂದಳು ಕಸ್ಮಿ, ಕಾಲು ಚಾಚಿ ಆರಾಮಾಗಿ ಕೂತುಕೊಳ್ಳುತ್ತಾ. "ಈಗ ಮೊದಲಿಂದ ಓದಿ."